ಯಾರಿಗಾದ್ರೂ ಜ್ವರ?

"ಏಯ್, ಹೆತ್ತಿರೋದು ಇಲಿಮರಿಯಷ್ಟು ಕೂಸು, ಮೆರೆಯೋದು ಮಾತ್ರ ಆನೆ ಹೆತ್ತೋಳ ಥರ! ಎಷ್ಟು ಸಲ ಎದ್ದು ಹೋಗ್ತೀಯೇ ಮೊಲೆ ಕೊಡೋಕೆ? ನಿನ್ನ ಅಚ್ಚು ನಿಮ್ಮಪ್ಪ ಬಂದು ಹಾಕ್ತಾನಾ?"

ಇಟ್ಟಿಗೆ ಭಟ್ಟಿಯ ಮೇಸ್ತ್ರಿ ಹೀಗೆ ಕೂಗಿದ್ದು ನನ್ನ ತಂಗಿಗೆ. ಅವಳು ಹೆತ್ತು ಇನ್ನೂ ಎರಡು ವಾರವೂ ತುಂಬಿರಲಿಲ್ಲ. ಮೊಣಕೈವರೆಗೆ ಕೆಸರು, ಎದೆಯ ಮೇಲೆ ಹಾಲು ಸೋರಿ ಒದ್ದೆಯಾದ ಬಟ್ಟೆ. ಹಸಿ ಇಟ್ಟಿಗೆಯ ಸಾಲುಗಳ ನೆರಳಲ್ಲಿ ಜೋಲಿ ಕಟ್ಟಿ ಕೂಸನ್ನು ಮಲಗಿಸಿದ್ದಳು. ಬೈಗುಳ ಕೇಳಿದ್ದೇ ತಡ, ಕೂಸಿನ ಬಾಯಿಂದ ಮೊಲೆ ಕಿತ್ತುಕೊಂಡು "ಬಂದೆ ಅಣ್ಣಾ, ಬಂದೆ" ಎಂದು ಓಡಿ ಬಂದು ಅಚ್ಚಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅವಳು ಮೊದಲಿಂದಲೂ ಹಾಗೇ. ಗಾತ್ರವೂ ಅಷ್ಟೇ, ಜೀವವೂ ಅಷ್ಟೇ. ಅದಕ್ಕೇ ಎಲ್ಲರೂ ಗುಬ್ಬಿ ಎನ್ನುತ್ತಾರೆ.

ನನಗೆ ಸುಮ್ಮನಿರಲಾಗಲಿಲ್ಲ.

"ನಿಮ್ಮವ್ವನೂ ಹೀಗೇ ಎದ್ದೆದ್ದು ಬಂದು ನಿಂಗೆ ಮೊಲೆ ಕೊಟ್ಟಿದ್ಲು ಕಣೋ! ಆ ಪುಣ್ಯಾತ್ಗಿತ್ತಿ ಅವತ್ತು ಕೊಡದೇ ಇದ್ದಿದ್ರೆ ಇವತ್ತು ನಮಗೆ ಈ ಕಾಟ ಇರ್ತಿರ್ಲಿಲ್ಲ."

ಸಾಲಿಗೆ ಸಾಲೇ ಕಿಸಕ್ಕೆಂದಿತು. ಅವನು ನನ್ನತ್ತ ಒಂದು ಹೆಂಟೆ ಎಸೆದ. "ನಿನ್ನ ಬಾಯಿಗೆ ಕೆಸರು ತುಂಬಬೇಕು ಬಜಾರಿ ಮುಂಡೆ!"

ಅಲ್ಲಿ ನನಗೆ ಬಜಾರಿ ಎಂದೇ ಹೆಸರು. ಅವನಿಗೂ ನಾವೊಂದು ಹೆಸರಿಟ್ಟಿದ್ದೆವು, ಪೀಪಿ. ಕೊರಳಲ್ಲಿ ದಾರ ಕಟ್ಟಿ ಒಂದು ಸೀಟಿ ನೇತುಹಾಕಿಕೊಂಡಿರುತ್ತಿದ್ದ. ಬೆಳಿಗ್ಗೆ ಗುಡಿಸಲುಗಳ ಮುಂದೆ ನಿಂತು ಅದನ್ನು ಊದಿ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದ.

"ಯಾರಿಗಾದ್ರೂ ಜ್ವರ?"

ನಾವೆಲ್ಲ ಒಟ್ಟಿಗೇ ಹೇಳಬೇಕು: "ಇಲ್ಲಣ್ಣಾ!"

ಕಾಳಜಿಯಿಂದ ಕೇಳುತ್ತಾನೆ ಎಂದುಕೊಂಡರೆ ನಿಮ್ಮಂಥ ದಡ್ಡರಿಲ್ಲ. ಇದೆ ಎಂದವರ ಪಾತ್ರೆಪಗಡ ಮಧ್ಯಾಹ್ನದೊಳಗೆ ರಸ್ತೆಯಲ್ಲಿರುತ್ತಿತ್ತು, ಗುಡಿಸಲಿಗೆ ಬೇರೆಯವರು ಬಂದಿರುತ್ತಿದ್ದರು. "ರೋಗದೋರಿಗೆ ಇದೇನು ಛತ್ರ ಅಲ್ಲ" ಎನ್ನುತ್ತಿದ್ದ. ಹಾಗಾಗಿ ಹಲ್ಲು ಕಟಕಟ ಎನ್ನುತ್ತಿದ್ದರೂ "ಇಲ್ಲಣ್ಣಾ". ಕಣ್ಣು ಕತ್ತಲೆ ಬಂದರೂ "ಇಲ್ಲಣ್ಣಾ". ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದವು. ಒಬ್ಬ ಎಲೆ ಸುತ್ತಿ ಪೀಪಿ ಊದುತ್ತಿದ್ದ, ಉಳಿದವು ಸಾಲಾಗಿ ನಿಂತು "ಇಲ್ಲಣ್ಣಾ" ಎಂದು ಬಿದ್ದು ಬಿದ್ದು ನಗುತ್ತಿದ್ದವು.

ಜ್ವರ ಎಲ್ಲಿಂದ ಬರುತ್ತಿತ್ತು ಎಂದು ಯಾರೂ ಕಣಿ ಕೇಳಬೇಕಾಗಿರಲಿಲ್ಲ. ಭಟ್ಟಿಯ ಹಿಂದೆ ಗುಂಡಿ ಇತ್ತು. ಇಟ್ಟಿಗೆಗೆಂದು ಮಣ್ಣು ತೋಡಿ ತೋಡಿ ಆದ ಗುಂಡಿ. ತೋಡಿದಷ್ಟೂ ನೀರು ನಿಂತಿತ್ತು. ಮಣ್ಣು ಕಲಸುವುದಕ್ಕೂ ಅದೇ ನೀರು, ನಮ್ಮ ಮೈ ತೊಳೆಯುವುದಕ್ಕೂ ಅದೇ. ಸಂಜೆ ಆಯಿತೆಂದರೆ ಅಲ್ಲಿಂದ ಸೊಳ್ಳೆ ಏಳುತ್ತಿತ್ತು, ಮಾತಾಡಲು ಬಾಯಿ ತೆರೆದರೆ ಬಾಯೊಳಗೆ. ಒಮ್ಮೆ ಆರೋಗ್ಯದವರು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಔಷಧಿ ಹೊಡೆಯಲು ಬಂದಿದ್ದರು. "ಈ ಗುಂಡಿ ಯಾರ್ದು? ಮುಚ್ಚಿಸಬೇಕು" ಎಂದರು. ಧಣಿ ಕಾರಿನಿಂದ ಇಳಿಯದೇ ಗಾಜು ಇಳಿಸಿ, "ಗುಂಡಿ ನಂದಲ್ಲಪ್ಪ. ಯಾರ್ದೋ ಏನೋ. ನಂದು ಭಟ್ಟಿ ಅಷ್ಟೇ" ಎಂದ. ಅವನ ಇಟ್ಟಿಗೆಗಳೆಲ್ಲ ಆ ಗುಂಡಿಯಿಂದಲೇ ಎದ್ದು ಬಂದಿದ್ದವು, ಆದರೂ ಗುಂಡಿ ಅವನದಲ್ಲ! ಅವರು ತಲೆಯಾಡಿಸಿ ಹೋದರು. ಹೋಗುವ ಮುಂಚೆ, "ಇಲ್ಲಿ ಯಾರಿಗಾದ್ರೂ ಜ್ವರ ಇದೆಯೇನ್ರಮ್ಮಾ?" ಎಂದು ಕೇಳಿದರು. ಅವರ ಹಿಂದೆ ಪೀಪಿ ನಿಂತಿದ್ದ. ನಾವು ಏನಂದೆವೆಂದು ಬೇರೆ ಹೇಳಬೇಕೆ?

ಗುಬ್ಬಿಗೆ ತುಂಬು ಬಸುರಲ್ಲೇ ಚಳಿಜ್ವರ ಬಂದಿತ್ತು. ಒಂದು ದಿನ ಬಿಟ್ಟು ಒಂದು ದಿನ, ಮೈಯೆಲ್ಲ ನಡುಗಿ, ಆಮೇಲೆ ಕೆಂಡ. ತಣ್ಣನೆ ಕೆಸರನ್ನು ಹಣೆಗೆ ಬಳಿದುಕೊಂಡು ಅಚ್ಚು ಹಾಕುತ್ತಿದ್ದಳು. ಬಿಸಿಲಿಗೆ ಹಣೆಯ ಕೆಸರು ಒಣಗಿ ಬಿರುಕು ಬಿಡುತ್ತಿತ್ತು, ಮತ್ತೆ ಬಳಿದುಕೊಳ್ಳುತ್ತಿದ್ದಳು. "ಏನೇ ಅದು, ಸಿಂಗಾರನಾ?" ಎಂದು ಪೀಪಿ ಕೇಳಿದರೆ, "ಸೆಖೆ ಅಣ್ಣಾ" ಎನ್ನುತ್ತಿದ್ದಳು.

ಅವತ್ತು ಅವನ ಬೈಗುಳ ಮುಗಿದ ಮೇಲೆ ನಾನೇ ಜೋಲಿಯ ಹತ್ತಿರ ಹೋದೆ. ಕೂಸಿನ ಹೊಟ್ಟೆ ಮುಟ್ಟಿದೆ. ಭಟ್ಟಿಯಿಂದ ಈಗ ತಾನೇ ತೆಗೆದ ಇಟ್ಟಿಗೆ ಮುಟ್ಟಿದ ಹಾಗಾಯಿತು. ಬಾಯಿಗೆ ಬೆರಳಿಟ್ಟೆ, ಚೀಪಲಿಲ್ಲ. ಹುಟ್ಟಿದಾಗ ಕೆಂಪಗಿದ್ದ ಹೆಣ್ಣುಕೂಸು ಮಾಸಲು ಹಳದಿಗೆ ತಿರುಗಿತ್ತು.

"ಗುಬ್ಬೀ, ಇದು ಯಾವಾಗಿಂದ ಹೀಗಿದೆಯೇ?"

"ನಿನ್ನೆಯಿಂದ ಅಕ್ಕಾ. ಹಾಲು ಕುಡೀತಾನೇ ಇಲ್ಲ. ಅದಕ್ಕೇ ಪದೇ ಪದೇ ಎದ್ದು ಹೋಗ್ತಿದ್ದೆ."

"ಯಾಕೆ ಹೇಳ್ಲಿಲ್ಲವೇ ದರಿದ್ರದೋಳೇ!"

ಅವಳು ಪೀಪಿಯ ಕಡೆ ನೋಡಿದಳು.

ಕೂಸಿನ ಅಪ್ಪ ಭಟ್ಟಿಗೆ ಬೆಂಕಿ ಹಾಕುವವನು. ಭಟ್ಟಿಯ ನೆತ್ತಿಯ ಮೇಲೆ ನಿಂತು ತೂತುಗಳ ಮುಚ್ಚಳ ತೆಗೆದು ಸೌದೆ ಸುರಿಯುವುದು ಅವನ ಕೆಲಸ. ಬೆಂಕಿ ಹತ್ತಿದ ಮೇಲೆ ಬಿಟ್ಟು ಇಳಿಯುವ ಹಾಗಿಲ್ಲ, ಬಿಟ್ಟರೆ ಒಳಗಿರುವುದೆಲ್ಲ ಅರೆಬೆಂದು ಹಾಳು. ಅವನು ಮೇಲಿಂದಲೇ ಬಗ್ಗಿ, "ಅತ್ತಿಗೇ, ನೀವೇ ಕರ್ಕೊಂಡು ಹೋಗ್ರಿ. ನಾನು ಹೆಂಗೆ ಇಳೀಲಿ?" ಎಂದ. ಹೊಗೆಯೋ ಏನೋ, ಕಣ್ಣು ಒರೆಸಿಕೊಂಡ.

ಇಟ್ಟಿಗೆ ಲೋಡಿನ ಲಾರಿ ಹೊರಡುತ್ತಿತ್ತು. ಡ್ರೈವರ್‌ನ ಕಾಲು ಹಿಡಿದು ಹತ್ತಿದೆವು.

ಆಸ್ಪತ್ರೆಯ ವರಾಂಡದಲ್ಲಿ ಕೂತು ಕೂತು ಸಾಕಾಯಿತು. ನರ್ಸಮ್ಮ ಎರಡು ಸಲ ಬಂದು ನಾವು ನಡೆದ ದಾರಿಯ ಕೆಸರು ತೋರಿಸಿ, "ಇದನ್ನ ಯಾರು ಒರೆಸ್ತಾರೆ, ನಾನಾ?" ಎಂದಳು. ಬೇರೆ ಕಾಲವಾಗಿದ್ದರೆ ಒಂದು ಬಿಡುತ್ತಿದ್ದೆ. ಕೂಸಿನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ನನ್ನ ಬಟ್ಟೆಯ ಚುಂಗಿನಿಂದಲೇ ನೆಲ ಒರೆಸಿದೆ.

ಒಳಗೆ ಡಾಕ್ಟರಮ್ಮ ಇದ್ದಳು. ಕೂಸನ್ನು ಮೇಜಿನ ಮೇಲೆ ಮಲಗಿಸಿ, ಎದೆಗೆ ಯಂತ್ರ ಒತ್ತಿ, ಪೆನ್ನು ಎತ್ತಿಕೊಂಡು ಗುಬ್ಬಿಯನ್ನು ಕೇಳಿದಳು.

"ಬಸುರಿಯಾಗಿದ್ದಾಗ ನಿನಗೇನಾದ್ರೂ ಜ್ವರ?"

"ಇಲ್ಲಣ್ಣಾ!" ಎಂದಳು ಗುಬ್ಬಿ.

ಹೆಂಗಸಿಗೆ ಅಣ್ಣಾ ಎಂದಳು! ಅವಳು ಹೇಳಿದ್ದಲ್ಲ ಅದು, ಅವಳ ನಾಲಿಗೆ ತಾನೇ ಹೇಳಿತು. ಪೆನ್ನು ಹಿಡಿದವರು ಜ್ವರ ಎಂದರೆ ಸಾಕು, ನಮ್ಮಲ್ಲಿ ಯಾರನ್ನಾದರೂ ನಿದ್ದೆಯಿಂದ ಎಬ್ಬಿಸಿ ಕೇಳಿ, ಅದೇ ಬರುತ್ತದೆ. ಡಾಕ್ಟರಮ್ಮ ಮುಖ ಸಿಂಡರಿಸಿದಳು. "ಅಣ್ಣ ಅಂತೆ! ನಾನು ನಿನ್ನ ಕಣ್ಣಿಗೆ ಗಂಡಸಿನ ಥರ ಕಾಣ್ತೀನಾ?" ಎಂದು ಏನೋ ಗೀಚಿದಳು.

"ಇತ್ತಮ್ಮಾ!" ನಾನು ಮಧ್ಯೆ ನುಗ್ಗಿದೆ. "ಚಳಿಜ್ವರ ಇತ್ತು. ನಡುಗ್ತಾ ಇದ್ಲು. ನಮ್ಮ ಕಡೆ ಎಲ್ಲರಿಗೂ ಮಲೇರಿಯಾ. ಈ ಕೂಸಿಗೂ ಅದೇ ಇರಬೇಕು, ರಕ್ತ ನೋಡಿ ತಾಯೀ."

"ಒಬ್ಬಳು ಇಲ್ಲ ಅಂತಾಳೆ, ಇನ್ನೊಬ್ಬಳು ಇತ್ತು ಅಂತಾಳೆ. ಯಾರು ಹೆತ್ತಿದ್ದು, ನೀನಾ ಅವಳಾ? ಹಸುಗೂಸಿಗೆ ಮಲೇರಿಯಾ ಬರಲ್ಲ. ಇದು ಕೊಳಕಿನಿಂದ ಬಂದ ನಂಜು. ಆ ಕೈ ನೋಡು, ಆ ಉಗುರು ನೋಡು! ಈ ಕೈಯಲ್ಲಿ ಮಗೂನ ಮುಟ್ತೀರಲ್ಲ, ನೀವೇನು ಮನುಷ್ಯರಾ?"

ಗುಬ್ಬಿ ಕೈ ಎರಡನ್ನೂ ಬೆನ್ನ ಹಿಂದೆ ಅಡಗಿಸಿಕೊಂಡಳು. ಎಷ್ಟು ಉಜ್ಜಿದರೂ ಹೋಗದ ಮಣ್ಣು ಅದು. ಆ ಆಸ್ಪತ್ರೆಯ ಗೋಡೆಯ ಇಟ್ಟಿಗೆಗೂ ಅದೇ ಮಣ್ಣು. ಡಾಕ್ಟರಮ್ಮ ಒಂದು ಸೂಜಿ ಚುಚ್ಚಿಸಿ, ಒಂದು ಸಣ್ಣ ಬಾಟಲಿ ಹನಿಮದ್ದು ಕೊಟ್ಟು, "ಮುಂದಿನೋರು ಬನ್ನಿ" ಎಂದಳು.

ಮಾರನೆಯ ದಿನ ಕೂಸು ಅಳುವುದನ್ನೂ ಬಿಟ್ಟಿತು. ತುಟಿ ಸುಣ್ಣದಂತಾಗಿತ್ತು. ಮತ್ತೆ ಆಸ್ಪತ್ರೆಗೆ ಹೊರಟರೆ ಪೀಪಿ ಅಡ್ಡ ನಿಂತ.

"ನಿನ್ನೆ ಹೋಗಿದ್ರಲ್ಲ, ದಿನಾ ಜಾತ್ರೆನಾ? ಸತ್ರೆ ಇನ್ನೊಂದು ಹೆರ್ತಾಳೆ, ಇನ್ನೂ ವಯಸ್ಸಿದೆ."

ಅವನ ಕಾಲರ್ ಹಿಡಿದೆ. ಸೀಟಿಯ ದಾರ ನನ್ನ ಮುಷ್ಟಿಯಲ್ಲಿ ಸಿಕ್ಕಿತ್ತು. ಎಳೆದಿದ್ದರೆ ಅಲ್ಲೇ ಮುಗಿಯುತ್ತಿತ್ತು ಅವನ ಕಥೆ. ಗುಬ್ಬಿ "ಅಕ್ಕಾ, ಲಾರಿ ಹೋಗಿಬಿಡುತ್ತೆ" ಎಂದಳು. ಬಿಟ್ಟೆ. ಇವತ್ತಿಗೂ ಆ ದಾರ ಬಿಟ್ಟಿದ್ದಕ್ಕೆ ನನಗೆ ಸಿಟ್ಟಿದೆ.

ಈ ಸಲ ವರಾಂಡದಲ್ಲಿ ಕೂರಲಿಲ್ಲ, ನಿಂತು ಬಾಯಿ ಬಡಿದುಕೊಂಡೆ. "ರಕ್ತ ನೋಡ್ರೋ! ಒಂದು ಹನಿ ರಕ್ತ ನೋಡೋಕೆ ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ!" ನರ್ಸಮ್ಮ ಕಾವಲಿನವನನ್ನು ಕೂಗಿದಳು. ಆಗ ಮೂಲೆಯ ಕೋಣೆಯಿಂದ ರಕ್ತ ಪರೀಕ್ಷೆಯವನು ಬಾಯಿ ಒರೆಸಿಕೊಳ್ಳುತ್ತಾ ಬಂದ. "ಕಿರುಚಬೇಡಮ್ಮ, ತಾ ಇಲ್ಲಿ" ಎಂದು ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿದ. ಕೂಸು ಅಳಲಿಲ್ಲ, ಕಾಲನ್ನೂ ಎಳೆದುಕೊಳ್ಳಲಿಲ್ಲ. ಗುಬ್ಬಿಯ ಬೆರಳಿಗೂ ಚುಚ್ಚಿದ. ಗಾಜಿನ ಪಟ್ಟಿ ಇಟ್ಟು ಕೊಳವೆಯೊಳಗೆ ಕಣ್ಣಿಟ್ಟವನು ತುಂಬ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಎದ್ದು ಹೋಗಿ ಡಾಕ್ಟರಮ್ಮನನ್ನೇ ಕರೆದುಕೊಂಡು ಬಂದ. ಅವಳೂ ನೋಡಿದಳು.

"ಮಲೇರಿಯಾನೇ. ತಾಯಿಗೂ ಇದೆ, ಮಗೂಗೂ ಇದೆ. ತಾಯಿಯಿಂದಲೇ ಬಂದಿದೆ" ಎಂದಳು ಸಣ್ಣ ದನಿಯಲ್ಲಿ. ಮರುಕ್ಷಣವೇ ದನಿ ಏರಿತು. "ನಿನ್ನೆ ಯಾಕೆ ಇಲ್ಲ ಅಂದ್ರಿ ಮತ್ತೆ?"

"ನಾನು ಹೇಳಿದ್ನಲ್ಲ ತಾಯೀ, ಇತ್ತು ಅಂತ ಬಡ್ಕೊಂಡ್ನಲ್ಲ!"

ಅವಳು ಬೀರು ತೆಗೆದು ಮಾತ್ರೆಯ ಪೊಟ್ಟಣಗಳನ್ನು ಒಂದೊಂದಾಗಿ ತಿರುವಿ ಹಾಕಿದಳು. "ಇದು ಐದು ಕೇಜಿ ಮೇಲಿನ ಮಕ್ಕಳಿಗೆ. ಅದರ ಅರ್ಧ ತೂಕವೂ ಇಲ್ಲ ನಿಮ್ಮ ಮಗು. ಇಷ್ಟು ಚಿಕ್ಕವಕ್ಕೆ ಕೊಡೋ ಔಷಧಿ ನಮ್ಮಲ್ಲಿ ಇಟ್ಟಿಲ್ಲ. ದೊಡ್ಡಾಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸ್ಬೇಕು, ರಕ್ತಾನೂ ಕೊಡಿಸ್ಬೇಕು. ಈಗಲೇ ಹೊರಡಿ."

ಧಣಿಯ ಮನೆಯಲ್ಲಿ ಒಂದು ನಾಯಿ ಇದೆ, ಮುಷ್ಟಿಯಷ್ಟು ಗಾತ್ರ. ಅದು ಸೀನಿದರೆ ಅದರ ಅಳತೆಯ ಔಷಧಿ ಕಾರಿನಲ್ಲಿ ಬರುತ್ತದೆ. ನಮ್ಮ ಕೂಸಿನ ಅಳತೆಗೆ ಇರಲಿಲ್ಲ. ಬಡವರ ಹೊಟ್ಟೆಯಲ್ಲಿ ಹುಟ್ಟುವ ಮುಂಚೆ ತೂಕ ನೋಡಿಕೊಂಡು ಹುಟ್ಟಬೇಕಿತ್ತು ಅದು.

ಆಂಬುಲೆನ್ಸ್ ಕೇಳಿದೆ. ಷೆಡ್ಡಿನಲ್ಲಿ ಚಕ್ರ ಬಿಚ್ಚಿಟ್ಟು ನಿಲ್ಲಿಸಿದ್ದರು, ಡ್ರೈವರ್ ಕೂರುವ ಜಾಗದಲ್ಲಿ ಕೋಳಿಯೊಂದು ಕಾವು ಕೂತಿತ್ತು. ರಸ್ತೆಗೆ ಓಡಿದೆ. ನಮ್ಮನ್ನು ತಂದ ಲಾರಿ ಲೋಡಿನ ಸಮೇತ ಇನ್ನೂ ಚಹಾದಂಗಡಿಯ ಮುಂದೆಯೇ ಇತ್ತು. ಡ್ರೈವರ್ ಕೆಟ್ಟವನಲ್ಲ. ಕೂಸಿನ ಮುಖ ನೋಡಿ ಧಣಿಗೆ ಫೋನ್ ಹಚ್ಚಿದ. ಧಣಿಯ ದನಿ ನಮಗೂ ಕೇಳಿಸಿತು.

"ಮೊದಲು ಲೋಡ್ ಇಳಿಸು. ಪಾರ್ಟಿ ಕಾಯ್ತಾ ಇದ್ದಾರೆ. ಆಮೇಲೆ ಸ್ವರ್ಗಕ್ಕಾದ್ರೂ ಕರ್ಕೊಂಡು ಹೋಗು."

ಲೋಡು ಇಳಿಸಬೇಕಾದ ಜಾಗ ಒಂದು ಖಾಲಿ ನಿವೇಶನ. ಮನೆಯಿಲ್ಲ, ಮಠವಿಲ್ಲ, ಕಾಂಪೌಂಡು ಮಾತ್ರ ಕಟ್ಟುತ್ತಿದ್ದರು. ದನ ನಾಯಿ ನುಗ್ಗಬಾರದಂತೆ. ಇಳಿಸುವ ಆಳುಗಳು ಊಟಕ್ಕೆ ಹೋಗಿದ್ದರು. ಡ್ರೈವರ್ ತಲೆ ಕೆರೆದುಕೊಂಡು, "ಅಕ್ಕಾ, ನಾವೇ ಇಳಿಸಿದ್ರೆ ಬೇಗ ಆಗುತ್ತೆ" ಎಂದ.

ಇಳಿಸಿದೆ. ಬಾಯಲ್ಲಿ ಬಟ್ಟೆ ಕಚ್ಚಿಕೊಂಡು ಇಳಿಸಿದೆ. ನಾನು ಹಾಕಿದ ಅಚ್ಚು, ಗುಬ್ಬಿ ಹಾಕಿದ ಅಚ್ಚು, ಎಲ್ಲವೂ ಕೆಂಪಗೆ ಬೆಂದು ನನ್ನ ಕೈಮೇಲೆ ಬಂದವು. ನಾಲ್ಕು ನಾಲ್ಕು ಎತ್ತಿ ಎಸೆದೆ. "ಒಡೆದು ಹೋಗುತ್ತಕ್ಕಾ, ಬೈತಾರೆ" ಎಂದ ಡ್ರೈವರ್. "ಒಡೀಲಿ, ಅವರ ಹೆಣ ಎತ್ತ!" ಎಂದೆ. ಬೆರಳ ಚರ್ಮ ಕಿತ್ತು ಬಂತು. ಜನ್ಮದಲ್ಲಿ ಅಷ್ಟು ಬೇಗ ಕೆಲಸ ಮಾಡಿದವಳಲ್ಲ ನಾನು. ಪೀಪಿ ನೋಡಿದ್ದರೆ ಭೇಷ್ ಎನ್ನುತ್ತಿದ್ದ.

ಇನ್ನೇನು ಕೊನೆಯ ಸಾಲು ಉಳಿದಿತ್ತು. ಗುಬ್ಬಿ ಲಾರಿಯ ಮುಂದಿನ ಸೀಟಿನಿಂದ ಇಳಿದು ಬಂದಳು.

"ಅಕ್ಕಾ, ಸಾಕು ಬಿಡು. ಇನ್ನು ಅವಸರ ಇಲ್ಲ."

ನನ್ನ ಕೈಯಲ್ಲಿ ಇಟ್ಟಿಗೆ ಹಾಗೇ ಇತ್ತು.

ಡ್ರೈವರ್ ಅಳುತ್ತಲೇ ಲಾರಿ ಓಡಿಸಿದ. ಭಟ್ಟಿ ತಲುಪಿದಾಗ ಕೂಸಿನ ಅಪ್ಪ ಮೇಲೆ ಬೆಂಕಿಯ ಮುಂದೆಯೇ ನಿಂತಿದ್ದ. ಗುಬ್ಬಿ ಕೆಳಗಿನಿಂದ ಕೂಸನ್ನು ಎತ್ತಿ ತೋರಿಸಿದಳು. ಅವನು ಒಮ್ಮೆ ನೋಡಿದ, ಮುಚ್ಚಳ ತೆಗೆದು ಸೌದೆ ಸುರಿದ, ಮತ್ತೆ ನೋಡಿದ. ನಾವು ಹೆಂಗಸರೇ ಹೋಗಿ ಮಣ್ಣು ಮಾಡಿ ಬಂದೆವು. ಮಣ್ಣು ತೋಡಲು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಸೀಟಿ ಕೂಗಿತು. ಎಂದಿನಂತೆ ನಿಂತೆವು. ನನ್ನ ಪಕ್ಕದಲ್ಲಿ ಗುಬ್ಬಿ, ಅವಳ ಪಕ್ಕದಲ್ಲಿ ನೀರು ಹೊರುವವಳು. ಅವಳಿಗೆ ದಿನ ತುಂಬಿತ್ತು, ಇವತ್ತೋ ನಾಳೆಯೋ ಎಂಬಂತಿದ್ದಳು. ಮೂರು ದಿನದಿಂದ ಅವಳ ಹಣೆಯ ಮೇಲೂ ಕೆಸರಿತ್ತು.

"ಯಾರಿಗಾದ್ರೂ ಜ್ವರ?"

ಯಾರೂ ಉಸಿರೆತ್ತಲಿಲ್ಲ. ಪೀಪಿ ಕತ್ತು ಓರೆ ಮಾಡಿದ. "ಏನು, ನಾಲಿಗೆ ಬಿದ್ದು ಹೋಯ್ತಾ? ಯಾರಿಗಾದ್ರೂ ಜ್ವರ?"

"ನಂಗಿದೆ" ಎಂದಳು ಗುಬ್ಬಿ.

ಅಣ್ಣಾ ಎನ್ನಲಿಲ್ಲ.

"ಏನಂದೆ?"

"ನಂಗೆ ಜ್ವರ ಇದೆ. ಬಸುರಲ್ಲೂ ಇತ್ತು. ನನ್ ಮಗೂಗೂ ಇತ್ತು."

ಅವನು ಬಾಯಿ ತೆರೆಯುವ ಮುಂಚೆ ನೀರು ಹೊರುವವಳು ಹಣೆಯ ಕೆಸರನ್ನು ಅಂಗೈಯಿಂದ ಒರೆಸಿ ಕೆಳಗೆ ಒಗೆದಳು. "ನಂಗೂ ಇದೆ." ಆ ಕಡೆಯಿಂದ ಮುದುಕನೊಬ್ಬ, "ನಂಗೂ ಇದೆ ಕಣೋ, ಹೋದ ವರ್ಷದಿಂದ ಇದೆ" ಎಂದ. ಆಮೇಲೆ ಯಾರು ಹೇಳಿದರೆಂದು ತಿಳಿಯಲಿಲ್ಲ. ಸಾಲು ಸಾಲೇ "ಇದೆ, ಇದೆ" ಎನ್ನುತ್ತಿತ್ತು. ಜ್ವರ ಇಲ್ಲದವರೂ ಇದೆ ಎನ್ನುತ್ತಿದ್ದರು. ನನಗಂತೂ ಇರಲಿಲ್ಲ, ಎಲ್ಲರಿಗಿಂತ ಜೋರಾಗಿ ಕೂಗಿದೆ.

"ಹಂಗಾದ್ರೆ ಎಲ್ಲರೂ ಗುಡಿಸಲು ಖಾಲಿ ಮಾಡ್ರೋ ಬೇವರ್ಸಿಗಳಾ!" ಎಂದು ಪೀಪಿ ಅರಚಿದ. ಆದರೆ ಅವನ ಕಾಲು ಹಿಂದಕ್ಕೆ ಹೋಗುತ್ತಿತ್ತು.

ಗುಬ್ಬಿ ಅವನ ಕಡೆ ನೋಡಲೇ ಇಲ್ಲ. ಒಣಗಲು ಇಟ್ಟಿದ್ದ ಹಸಿ ಇಟ್ಟಿಗೆಯ ಸಾಲಿಗೆ ಹೋದಳು. ತಾನೇ ಹಾಕಿದ್ದ ಅಚ್ಚು. ಕೂಸನ್ನು ಜೋಲಿಯಲ್ಲಿ ಬಿಟ್ಟು, ಬೈಸಿಕೊಂಡು ಹಾಕಿದ್ದು. ಎರಡು ಇಟ್ಟಿಗೆ ಎತ್ತಿ ಎದೆಗೊತ್ತಿಕೊಂಡು ಭಟ್ಟಿಯ ಹಿಂದಕ್ಕೆ ನಡೆದಳು. ಗುಂಡಿಯ ಅಂಚಿನಲ್ಲಿ ನಿಂತು ಒಂದನ್ನು ಎಸೆದಳು. ಬುಳುಕ್ ಎಂದಿತು. ಇನ್ನೊಂದನ್ನು ಎಸೆದಳು. ಸೊಳ್ಳೆಗಳು ಗುಂಯ್ ಎಂದು ಎದ್ದವು. ವಾಪಸು ಬಂದು ಮತ್ತೆ ಎರಡು ಎತ್ತಿಕೊಂಡಳು.

ಅವಳಿಗೆ ತಲೆ ಕೆಟ್ಟಿತು ಎಂದು ನನಗೆ ಅನಿಸಲಿಲ್ಲ. ನನ್ನ ಸಾಲಿನಿಂದ ನಾನೂ ಎತ್ತಿಕೊಂಡೆ. ನೀರು ಹೊರುವವಳು ಬಿಂದಿಗೆ ಬದಿಗಿಟ್ಟು ಒಂದು ಎತ್ತಿಕೊಂಡಳು. "ನೀನು ಬೇಡ ಕಣೇ, ಹೆತ್ತುಬಿಟ್ಟೀಯ" ಎಂದರೆ, "ಹೆರೋಕೇ ತಾನೇ ಜಾಗ ಮಾಡ್ತಿರೋದು" ಎಂದಳು. ಆಮೇಲೆ ಎಲ್ಲರೂ. ಲೋಡು ಸಾಗಿಸುವಾಗ ನಿಲ್ಲುವಂತೆಯೇ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಆ ಕೆಲಸ ನಮಗೆ ಚೆನ್ನಾಗಿ ಬರುತ್ತದೆ.

ಧಣಿಯ ಕಾರು ಧೂಳೆಬ್ಬಿಸಿಕೊಂಡು ಬಂತು. ಈ ಸಲ ಇಳಿದ. "ಅಯ್ಯೋ ನನ್ನ ಇಟ್ಟಿಗೆ! ಹಲ್ಕಾ ನನ್ ಮಕ್ಕಳಾ, ಯಾರ್ದು ಅಂತ ತಿಳ್ಕೊಂಡಿದ್ದೀರ? ಯಾರು ಹೇಳಿದ್ದು ಗುಂಡಿ ಮುಚ್ಚೋಕೆ? ನನ್ ಗುಂಡಿ ಅದು!"

ಇಷ್ಟು ದಿನ ಕಾದಿದ್ದೆ ನಾನು ಆ ಮಾತಿಗೆ.

"ನಿಮ್ದಲ್ಲ ಅಂದಿದ್ರಲ್ಲ ಧಣೀ? ಔಷಧಿ ಹೊಡೆಯೋರು ಕೇಳ್ದಾಗ ಯಾರ್ದೋ ಏನೋ ಅಂದ್ರಲ್ಲ? ಯಾರ್ದೂ ಅಲ್ಲ ಅಂದ್ಮೇಲೆ ನಮ್ದೇ. ನಮ್ ಗುಂಡಿ, ನಾವು ಮುಚ್ಕೋತೀವಿ."

"ಪೊಲೀಸ್ ಕರೀತೀನಿ!"

"ಕರೀರಿ. ಜ್ವರ ಇದೆಯಾ ಅಂತ ಕೇಳೋಕೆ ಹೇಳ್ರಿ ಅವರಿಗೆ."

ಪೀಪಿ ಸೀಟಿ ಊದುತ್ತಲೇ ಇದ್ದ, ಕೆನ್ನೆ ಉಬ್ಬಿಸಿ, ನರ ಹರಿಯುವಂತೆ. ಭಟ್ಟಿಯ ಮೇಲೆ ಒಂದು ಮುಚ್ಚಳ ಬಿದ್ದ ಸದ್ದಾಯಿತು. ತಲೆಯೆತ್ತಿ ನೋಡಿದೆ. ಕೂಸಿನ ಅಪ್ಪ ಏಣಿ ಇಳಿಯುತ್ತಿದ್ದ. ಧಣಿ ಅತ್ತ ತಿರುಗಿ, "ಏಯ್, ಬೆಂಕಿ! ಬೆಂಕಿ ಯಾರು ನೋಡ್ಕೊಳ್ಳೋದು? ಒಳಗಿರೋ ಮಾಲೆಲ್ಲ ಹಾಳಾಗುತ್ತೆ!" ಎಂದು ಓಡಿದ. ಕೂಸಿನ ಅಪ್ಪ ಧಣಿಯನ್ನು ಸುತ್ತಿ ದಾಟಿ ಬಂದು ನಮ್ಮ ಸಾಲಿನ ಕೊನೆಯಲ್ಲಿ ನಿಂತ. ಹೆಂಡತಿಯ ಕಡೆ ಕೈ ಚಾಚಿದ. ಗುಬ್ಬಿ ಅವನ ಕೈಗೆ ಇಟ್ಟಿಗೆ ಕೊಟ್ಟಳು.

ಗುಂಡಿಯೊಳಗೆ ಇಟ್ಟಿಗೆಗಳು ಕರಗಿ ಮತ್ತೆ ಮಣ್ಣಾಗುತ್ತಿದ್ದವು. ನೀರು ಅಂಚಿಗೆ ಬಂದು ನಮ್ಮ ಕಾಲು ಒದ್ದೆಯಾಯಿತು. ಭಟ್ಟಿಯ ಹೊಗೆ ಸಣ್ಣಗಾಗುತ್ತಾ ಬಂದಿತ್ತು. ರಸ್ತೆಯ ಕಡೆಯಿಂದ ಯಾವುದೋ ಜೀಪು ಬರುವ ಸದ್ದು ಕೇಳಿ ನಾನು ಒಂದು ಗಳಿಗೆ ನಿಂತೆ.

"ಏನಕ್ಕಾ ನೋಡ್ತಾ ನಿಂತೆ?" ಗುಬ್ಬಿ ತಿರುಗಿ ನೋಡದೆಯೇ ಕೈ ಚಾಚಿದಳು. "ಇನ್ನೂ ಆಳ ಇದೆ. ತಾ."